ತೊಟ್ಟಿಗೆ ಮರಳಿದ ನೀರು

ನಮ್ಮ ಮುಖ್ಯ ಕೆಮಿಸ್ಟ್ ಕುಸಿದದ್ದು ಎರಡನೇ ಕಾಲಂನ ವಾಲ್ವ್ ತಿರುಗಿಸುತ್ತಿದ್ದಾಗ. ಬೆಳಗಿನ ಪಾಳಿ ಆಗತಾನೆ ಶುರುವಾಗಿತ್ತು. ನಾನು ತೊಟ್ಟಿಯ ಮೇಲಿನ ಅಟ್ಟಣೆಯಲ್ಲಿ ನಿಂತು ಥರ್ಮಾಮೀಟರ್ ಎತ್ತಿ ನೋಡುತ್ತಿದ್ದೆ. ಕೆಳಗೆ ಏನೋ ಬಿದ್ದ ಸದ್ದಾಯಿತು. ಸ್ಪ್ಯಾನರ್ ಇರಬೇಕು ಅಂದುಕೊಂಡು ಬಗ್ಗಿ ನೋಡಿದರೆ ಸರ್ ಪೈಪಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಬಲಗೈ ಬೇರೆ ಯಾರದ್ದೋ ಎಂಬಂತೆ ಮಡಿಲಲ್ಲಿ ಬಿದ್ದಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು.

ನಾನು ಏಣಿ ಇಳಿದು ಬರುವಷ್ಟರಲ್ಲಿ ಬಾಯ್ಲರ್ ನೋಡಿಕೊಳ್ಳುವವನು ಓಡಿಬಂದು ಅವರನ್ನು ಹಿಡಿದುಕೊಂಡಿದ್ದ. "ಲಕ್ವ ಹೊಡ್ದಂಗದೆ ಮೇಡಂ. ಯಜಮಾನ್ರ ಕಾರ್ ತರ್ಸಿ" ಅಂದ.

ಗುಬ್ಬಿ ರಸ್ತೆಯಿಂದ ತುಮಕೂರಿನ ಆಸ್ಪತ್ರೆವರೆಗೂ ಹಿಂದಿನ ಸೀಟಿನಲ್ಲಿ ಅವರ ತಲೆ ಹಿಡಿದುಕೊಂಡು ಕೂತಿದ್ದೆ. ಅವರಿಗೆ ಎಚ್ಚರ ಇತ್ತು. ಏನೋ ಹೇಳಲು ಹೊರಟು "ಸರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಸರಿ, ಸರಿ." ನನಗೇ ಧೈರ್ಯ ಹೇಳುತ್ತಿದ್ದಾರೆ ಅಂತ ತಿಳಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಆ ಸಣ್ಣ ಕಾರ್ಖಾನೆಯಲ್ಲಿ ನಾವು ಮಾಡುತ್ತಿದ್ದದ್ದು ಲ್ಯಾಕ್ಟಿಕ್ ಆಮ್ಲ. ಮೊಸರನ್ನು ಹುಳಿ ಮಾಡುವ ಆಮ್ಲವೇ ಅದು. ಚರ್ಮ ಹದ ಮಾಡುವವರು ಅದನ್ನು ಕೊಳ್ಳುತ್ತಾರೆ. ಅದರ ಸುಣ್ಣದ ಲವಣವನ್ನು ಮಾತ್ರೆ ಮಾಡುವ ಕಂಪನಿಗಳು ಕೊಳ್ಳುತ್ತವೆ. ಮಂಡಿಯಲ್ಲಿ ಯಾರೂ ಮುಟ್ಟದ ಕರಿ ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಕಡಲೆಕಾಯಿ ಹಿಂಡಿ ಬೆರೆಸಿ, ಆಳೆತ್ತರದ ಮರದ ತೊಟ್ಟಿಗೆ ತುಂಬಿ, ಬ್ಯಾಕ್ಟೀರಿಯಾ ಬಿಟ್ಟು ನಲವತ್ತೆಂಟು ಡಿಗ್ರಿ ಬಿಸಿಯಲ್ಲಿ ಇಡಬೇಕು. ಅವು ಬೆಲ್ಲ ತಿಂದು ಹುಳಿ ಬಿಡುತ್ತವೆ. ಆದರೆ ಹುಳಿ ಹೆಚ್ಚಿದಷ್ಟೂ ಅವೇ ಮಂಕಾಗುತ್ತವೆ. ಆಗಾಗ ಸೀಮೆಸುಣ್ಣದ ಪುಡಿ ಹಾಕಿ ಹುಳಿ ಮುರಿದರೆ ಅದು ಕ್ಯಾಲ್ಸಿಯಂ ಲ್ಯಾಕ್ಟೇಟ್ ಎಂಬ ಲವಣವಾಗಿ ನೀರಿನಲ್ಲಿ ಕರಗಿ ಕೂರುತ್ತದೆ. ಆ ಲವಣವೂ ಒಂದು ಮಟ್ಟ ಮೀರಿದರೆ ಅವಕ್ಕೆ ಆಗದು. ವಾರ ಕಳೆಯುವ ಹೊತ್ತಿಗೆ ಬೆಲ್ಲ ಇನ್ನೂ ಉಳಿದಿರುವಾಗಲೇ ಕೆಲಸ ನಿಂತುಬಿಡುತ್ತಿತ್ತು. ಆಮೇಲೆ ಇಡೀ ತೊಟ್ಟಿಯನ್ನು ಬಸಿದು, ಕುದಿಸಿ, ಸೋಸಿ, ಗಂಧಕಾಮ್ಲ ಹಾಕಿ ಮಾಲು ತೆಗೆಯಬೇಕು. ತೊಟ್ಟಿ ಉಜ್ಜಿ ತೊಳೆದು, ಹೊಸದಾಗಿ ಬ್ಯಾಕ್ಟೀರಿಯಾ ಬೆಳೆಸಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಸರ್‌ಗೆ ಇದು ಸರಿಬರುತ್ತಿರಲಿಲ್ಲ. "ಸಲೀಸಾಗಿ ಇರೋ ಸಂಸಾರಾನ ಯಾಕಮ್ಮ ವಾರ ವಾರ ಮನೆ ಬಿಡಿಸ್ಬೇಕು? ಹುಳಿ ಆಗ್ತಾ ಇದ್ದಂಗೆ ನಾವು ತಕ್ಕೊಂಡ್ಬಿಡೋಣ. ಬೆಲ್ಲದ ನೀರು ಅವಕ್ಕೇ ವಾಪಸ್ ಕೊಡೋಣ" ಅನ್ನುತ್ತಿದ್ದರು. ಹುದುಗುವುದು, ಮಾಲು ತೆಗೆಯುವುದು ಎರಡೂ ಒಟ್ಟಿಗೇ ನಡೆಯಬೇಕು ಎಂಬುದು ಅವರ ಹಟ. ಅದಕ್ಕಾಗಿ ದಪ್ಪ ಕೊಳವೆಯಂಥ ಎರಡು ಎತ್ತರದ ಕಾಲಂ ನಿಲ್ಲಿಸಿದ್ದರು. ಒಳಗೆ ರೆಸಿನ್ ಎಂಬ ಸಾಸಿವೆ ಗಾತ್ರದ ಮಣಿಗಳು. ತೊಟ್ಟಿಯ ನೀರು ಅವುಗಳ ಮೇಲೆ ಹಾದುಹೋಗುವಾಗ ಮಣಿಗಳು ಹುಳಿಯನ್ನು ಹಿಡಿದಿಟ್ಟುಕೊಂಡು ಸಕ್ಕರೆಯನ್ನು ಬಿಟ್ಟುಕೊಡಬೇಕು. ಕೆಳಗೆ ಇಳಿದ ನೀರು ತೊಟ್ಟಿಗೆ ಮರಳಬೇಕು.

ಅವರಿಗೂ ನನಗೂ ದಿನವಿಡೀ ವಾದ. ನಾನು ಏನಾದರೂ ಹೇಳಿದರೆ "ಅಲ್ಲ ಕಣಮ್ಮ" ಅಂತ ಶುರು ಮಾಡುತ್ತಿದ್ದರು. ಊಟದ ಡಬ್ಬಿ ಮುಂದೆ ತೆರೆದಿಟ್ಟುಕೊಂಡೇ ವಾದ ಮುಂದುವರಿಯುತ್ತಿತ್ತು, ಸಾರು ಆರಿಹೋಗುತ್ತಿತ್ತು. ಅವರು ಬಿದ್ದ ಮರುದಿನ ಲ್ಯಾಬಿನಲ್ಲಿ ಒಬ್ಬಳೇ ಕೂತು ಊಟ ಮಾಡಿದೆ. ಸಾರು ಬಿಸಿಯಾಗೇ ಇತ್ತು.

ತುಮಕೂರಿನ ಬಟವಾಡಿಯಲ್ಲಿ ಒಂದು ಮನೆಯ ಹಿಂಭಾಗದ ಕೋಣೆ ನನ್ನ ಬಾಡಿಗೆ ಮನೆ. ಇದ್ದ ಒಬ್ಬ ಅಣ್ಣ ವರ್ಗವಾಗಿ ರಾಯಚೂರಿನ ಕಡೆ ಹೋಗಿದ್ದ. ಅಲ್ಲಿಯತನಕ ಒಂಟಿತನ ಅಂತ ನನಗೆ ಅನ್ನಿಸಿರಲಿಲ್ಲ. ದಿನದ ಮಾತೆಲ್ಲ ಕಾರ್ಖಾನೆಯಲ್ಲೇ ಮುಗಿಯುತ್ತಿದ್ದರಿಂದ ಕೋಣೆಗೆ ಬಂದಾಗ ಮೌನವೇ ಹಿತವಾಗಿರುತ್ತಿತ್ತು. ಈಗ ಎರಡೂ ಕಡೆ ಅದೇ ಮೌನ. ಕಾರ್ಖಾನೆಯಲ್ಲಿ ಮಾತಾಡುವವರು ಇರಲಿಲ್ಲ ಅಂತಲ್ಲ. ಬಾಯ್ಲರ್‌ನವನು ಸಿ.ಎಸ್. ಪುರದ ಕಡೆಯವನು, ಒಳ್ಳೆಯ ಮಾತುಗಾರ. ಆದರೆ ಕೆಲಸದ ಬಗ್ಗೆ ನಾನು ಏನು ಕೇಳಿದರೂ "ನೀವು ಹೆಂಗೇಳ್ತೀರೋ ಹಂಗೆ ಮೇಡಂ" ಅನ್ನುತ್ತಿದ್ದ. ಫಿಲ್ಟರ್ ನೋಡಿಕೊಳ್ಳುವವರೂ ಅದನ್ನೇ ಅನ್ನುತ್ತಿದ್ದರು. ಅಲ್ಲ ಅನ್ನುವವರು ಯಾರೂ ಉಳಿದಿರಲಿಲ್ಲ.

ಆಸ್ಪತ್ರೆಯಿಂದ ಸರ್ ಅವರನ್ನು ಕುಣಿಗಲ್ಲಿನ ಅವರ ಮನೆಗೆ ಕರೆದುಕೊಂಡು ಹೋದರು. ಮೊದಲ ಭಾನುವಾರವೇ ಬಸ್ಸು ಹತ್ತಿ ಹೋದೆ. ಕೆರೆ ಏರಿಯಿಂದ ಇಳಿದರೆ ಎರಡನೇ ಬೀದಿ. ಹಜಾರದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ನನ್ನನ್ನು ಕಂಡದ್ದೇ ಕಣ್ಣು ಅರಳಿತು.

"ಹೇಗಿದೀರಾ ಸರ್?"

"ಸರಿ" ಅಂದರು.

ನನಗೆ ಸಮಾಧಾನವಾಯಿತು. ತೊಟ್ಟಿ, ಕಾಲಂ, ರೆಸಿನ್ ಎಲ್ಲದರ ವರದಿ ಒಪ್ಪಿಸಿದೆ. ಪ್ರತಿಯೊಂದಕ್ಕೂ "ಸರಿ" ಅಂದರು. ಅವರ ಹೆಂಡತಿ ಕಾಫಿ ತಂದಿಟ್ಟು, ನನ್ನನ್ನು ಅಡುಗೆಮನೆಗೆ ಕರೆದರು. ಅವರನ್ನು ನಾನು ಅಮ್ಮ ಅಂತಲೇ ಕರೆಯುತ್ತಿದ್ದೆ.

"ಅವ್ರು ಎಲ್ಲಕ್ಕೂ ಹಾಗೇ ಅಂತಾರೆ ಕಣಮ್ಮ" ಅಂದರು ಮೆಲ್ಲಗೆ. "ನೀರು ಬೇಕಾದ್ರೂ ಸರಿ, ಬೇಡದಿದ್ರೂ ಸರಿ. ನೋವಾದ್ರೂ ಅದೇ. ನಿನ್ನೆ ಫ್ಯಾನ್ ಆರಿಸು ಅಂತ ಹೇಳ್ತಿದಾರೆ ಅಂತ ಗೊತ್ತಾಗೋಷ್ಟರಲ್ಲಿ ನನಗೂ ಅವರಿಗೂ ಸಾಕಾಗೋಯ್ತು. ಬೇರೆ ಮಾತು ಬರ್ತಾ ಇಲ್ಲ. ಡಾಕ್ಟ್ರು, ಕಾಯಿರಿ ಅಂತಾರೆ."

ಕಾರಿನಲ್ಲಿ ಅವರು ಅಂದದ್ದು ಧೈರ್ಯದ ಮಾತಾಗಿರಲಿಲ್ಲ ಅಂತ ಆಗ ತಿಳಿಯಿತು.

ಆ ಭಾನುವಾರದಿಂದ ನಾನು ಸರ್ ಅವರ ಕಾಲಂಗಳಿಗೆ ಜೋತುಬಿದ್ದೆ. ಅವರು ಎದ್ದು ಬರುವಷ್ಟರಲ್ಲಿ ಅವನ್ನು ನಡೆಸಿ ತೋರಿಸಬೇಕು ಅಂತ. ಆದರೆ ಕಾಲಂಗಳು ನಡೆಯಲಿಲ್ಲ. ಹಿಂಡಿಯ ನಯವಾದ ಪುಡಿ ಎಷ್ಟು ಸೋಸಿದರೂ ತಪ್ಪಿಸಿಕೊಂಡು ಬಂದು ಮಣಿಗಳ ಸಂದಿಗೆ ಸೇರಿಕೊಳ್ಳುತ್ತಿತ್ತು. ಅರ್ಧ ದಿನದಲ್ಲಿ ನೀರು ಇಳಿಯುವುದೇ ನಿಲ್ಲುತ್ತಿತ್ತು. ಕೆಳಗಿನಿಂದ ನೀರು ನುಗ್ಗಿಸಿ ಮಣಿಗಳನ್ನು ಅಲ್ಲಾಡಿಸಿ ಸಡಿಲ ಮಾಡಿದರೆ ಮತ್ತೆ ಸ್ವಲ್ಪ ಹೊತ್ತು ಇಳಿಯುತ್ತಿತ್ತು. ಬಟ್ಟೆ ಬದಲಾಯಿಸಿದೆ, ಮರಳಿನ ಸೋಸುಕ ಇಟ್ಟೆ, ಹಿಂಡಿಯನ್ನು ಮೊದಲೇ ಬೇಯಿಸಿ ತಿಳಿ ಮಾತ್ರ ಹಾಕಿದೆ. ಕಟ್ಟಿಕೊಳ್ಳುವುದು ಕಡಿಮೆಯಾಯಿತು. ಆಗ ಎರಡನೇ ತೊಂದರೆ ಕಾಣಿಸಿತು. ಕರಿ ಬೆಲ್ಲದ ಬಣ್ಣ ಮಣಿಗಳಿಗೆ ಹತ್ತಿಕೊಂಡು ಬಿಡದೇ ಹೋಯಿತು. ಹೊಂಬಣ್ಣದ ಮಣಿಗಳು ಮೊದಲು ಕಂದಾಗಿ, ಆಮೇಲೆ ಸುಟ್ಟ ರಾಗಿಯಂತೆ ಕಪ್ಪಾದವು. ಕ್ಷಾರ ಹಾಕಿ ತೊಳೆದಷ್ಟೂ ಅವು ಹಿಡಿಯುವ ಹುಳಿ ಪ್ರತಿ ಸಲವೂ ಸ್ವಲ್ಪ ಕಡಿಮೆಯಾಗುತ್ತಾ ಬಂತು.

ಸರ್ ಇದ್ದಿದ್ದರೆ ಏನನ್ನುತ್ತಿದ್ದರು ಅಂತ ಯೋಚಿಸುವುದು ನನಗೆ ಅಭ್ಯಾಸವಾಯಿತು. ಇಬ್ಬರ ಮಾತನ್ನೂ ನಾನೇ ಆಡಿಕೊಳ್ಳುತ್ತಿದ್ದೆ. ಅದರಲ್ಲೊಂದು ಮೋಸ ಇರುತ್ತಿತ್ತು. ನನಗೆ ತಿಳಿಯದ ವಿಷಯವನ್ನು ಆ ಸರ್ ಯಾವತ್ತೂ ಹೇಳುತ್ತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಯಜಮಾನರು ಶೆಡ್ಡಿಗೆ ಬಂದರು. ಅವರ ಮೂಲ ಕಸುಬು ಕೊಬ್ಬರಿ ವ್ಯಾಪಾರ. ಕೈಹಿಂದೆ ಕಟ್ಟಿಕೊಂಡು ಕಾಲಂಗಳನ್ನು ಸುತ್ತು ಹಾಕಿ ನೋಡಿದರು.

"ನೋಡಮ್ಮ, ನಿಮ್ಮ ಬ್ಯಾಕ್ಟೀರಿಯಾ ನನ್ನ ಕಣ್ಣಿಗೆ ಕಾಣಲ್ಲ. ಸರ್ ಮೇಲಿನ ನಂಬ್ಕೆಯಿಂದ ಇದನ್ನೆಲ್ಲ ಹಾಕ್ದೆ" ಅಂದರು. "ಅವರು ಹಿಂಗಾದ್ರು. ಹಳೇ ಥರ ಮಾಡಿದ್ರೆ ದೊಡ್ಡ ಕಂಪನಿಯೋರ ಮುಂದೆ ನಾವು ನಿಲ್ಲಲ್ಲ. ಹೊಸ ಥರ ಮಾಡೋದು ನಿಮ್ಮಿಂದ ಆಗ್ತದಾ?"

"ಪ್ರಯತ್ನ ಮಾಡ್ತಿದೀನಿ ಸರ್."

"ಯುಗಾದಿವರ್ಗೂ ಮಾಡಿ. ಆಮೇಲೆ ಈ ಶೆಡ್ಡಿಗೆ ಕೊಬ್ಬರಿ ತುಂಬ್ತೀನಿ. ನಿಮಗೆ ಆಫೀಸಲ್ಲಿ ಏನಾದ್ರೂ ಕೆಲ್ಸ ಕೊಡಾನ. ಬೇಜಾರ್ ಮಾಡ್ಕೋಬೇಡಿ."

ಒರಟಾಗಿ ಅಂದಿದ್ದರೆ ಜಗಳವಾಡಬಹುದಿತ್ತು. ಅವರು ಸೌಮ್ಯವಾಗಿಯೇ ಅಂದರು.

ಜನವರಿಯ ಒಂದು ಬೆಳಿಗ್ಗೆ ನಾನು ಕಾರ್ಖಾನೆಗೆ ಬಂದಾಗ ಬಾಯ್ಲರ್‌ನವನು ತೊಟ್ಟಿಯಿಂದ ಫಿಲ್ಟರಿಗೆ ಹೋಗುವ ಪೈಪನ್ನು ಬಿಚ್ಚಿ, ಬಿದಿರು ಗಳದಿಂದ ಒಳಗೆ ಚುಚ್ಚುತ್ತಿದ್ದ. ಪ್ರತಿ ಚಳಿಗಾಲದ ಗೋಳು ಅದು. ಬಿಸಿ ತೊಟ್ಟಿಯ ನೀರು ಹೊರಗಿನ ಪೈಪಿನಲ್ಲಿ ತಣಿದರೆ ಒಳಗೆ ಬೆಳ್ಳಗೆ ಗಟ್ಟಿ ಕಟ್ಟಿಕೊಳ್ಳುತ್ತಿತ್ತು. ಹಬೆ ಬಿಟ್ಟು ಕರಗಿಸಬೇಕು.

"ಇಡೀ ಪೈಪು ಹೆಪ್ಪು ಹಾಕ್ದಂಗಾಗದೆ ಮೇಡಂ. ಸ್ಟೀಮು ಬುಟ್ರೆ ಕರಗೋಯ್ತದೆ, ಬುಡಿ, ನಾನು ನೋಡ್ಕೊತೀನಿ" ಅಂದ.

ಗಳದ ತುದಿಗೆ ಅಂಟಿಕೊಂಡು ಬಂದದ್ದನ್ನು ಕೈಗೆ ತೆಗೆದುಕೊಂಡೆ. ಹೂಕೋಸಿನಂತೆ ಗಂಟು ಗಂಟು. ಒಡೆದು ನೋಡಿದರೆ ಒಳಗೆ ಸೂಜಿಯಂಥ ಎಳೆಗಳು. ಕ್ಯಾಲ್ಸಿಯಂ ಲ್ಯಾಕ್ಟೇಟ್. ಅದು ನನಗೆ ಹೊಸ ವಿಷಯವೇನಲ್ಲ. ಬಿಸಿಯಲ್ಲಿ ಹೆಚ್ಚು ಕರಗುತ್ತದೆ, ತಣಿದರೆ ಹರಳು ಬೀಳುತ್ತದೆ ಎಂಬುದು ಪುಸ್ತಕದಲ್ಲೇ ಇದೆ. ಆದರೆ ವರ್ಷ ವರ್ಷವೂ ನಾವು ಅದನ್ನು ಪೈಪಿನ ರೋಗ ಅಂತಲೇ ನೋಡಿದ್ದೆವು. ಕಾಲಂ ಕಟ್ಟಿ, ಮಣಿ ತುಂಬಿ ಯಾವುದನ್ನು ಹಿಡಿಯಲು ಹೆಣಗುತ್ತಿದ್ದೆವೋ ಅದೇ ಪೈಪಿನಲ್ಲಿ ತಾನಾಗಿ ಬಂದು ಕೂತಿತ್ತು. ಅದನ್ನು ನಾವು ಹಬೆ ಬಿಟ್ಟು ಓಡಿಸುತ್ತಿದ್ದೆವು.

"ಸ್ಟೀಮ್ ಬಿಡಬೇಡಿ" ಅಂದೆ.

"ಮತ್ತೆ?"

"ಇರೋದನ್ನೆಲ್ಲ ಕೆರೆದು ಬಕೆಟ್ಟಿಗೆ ಹಾಕಿ."

ಅವನು ನನ್ನ ಮುಖ ನೋಡಿದ. "ನೀವು ಹೆಂಗೇಳ್ತೀರೋ ಹಂಗೆ" ಅಂತ ಕೆರೆಯತೊಡಗಿದ.

ಲೆಕ್ಕ ಸರಳವಾಗಿತ್ತು. ತೊಟ್ಟಿಯಿಂದ ದಿನವೂ ಒಂದಷ್ಟು ಬಿಸಿ ನೀರನ್ನು ತೆಗೆದು ಅಗಲವಾದ ಹರಿವಾಣದಂಥ ಪಾತ್ರೆಗಳಲ್ಲಿ ತಣಿಸುವುದು. ಹರಳು ಬಿದ್ದ ಮೇಲೆ ಬಟ್ಟೆಯಲ್ಲಿ ಬಸಿಯುವುದು. ಉಳಿದ ನೀರಿನಲ್ಲಿ ಸಕ್ಕರೆ ಹಾಗೇ ಇರುತ್ತದೆ. ಅದನ್ನು ಬಿಸಿ ಮಾಡಿ ತೊಟ್ಟಿಗೇ ಮರಳಿಸುವುದು. ಕಾಲಂ ಬೇಡ, ರೆಸಿನ್ ಬೇಡ. ಸರ್ ಅವರ ಆಸೆ ಹಾಗೇ ಉಳಿಯುತ್ತದೆ, ಅವರು ಕಟ್ಟಿದ್ದು ಮಾತ್ರ ಹೋಗುತ್ತದೆ. ಜಾಗಕ್ಕಾಗಿ, ಪೈಪು ಪಂಪುಗಳಿಗಾಗಿ ಕಾಲಂಗಳನ್ನು ಬಿಚ್ಚಲೇಬೇಕಿತ್ತು. ಎರಡನ್ನೂ ನಡೆಸುವಷ್ಟು ಸಮಯ ಯುಗಾದಿಯೊಳಗೆ ಇರಲಿಲ್ಲ.

ಭಾನುವಾರ ಕುಣಿಗಲ್ಲಿಗೆ ಹೋದೆ. ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡೆ. ಸರ್ ಸ್ವಲ್ಪ ಸುಧಾರಿಸಿದ್ದರು. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಾರೆ ಅಂತ ಅಮ್ಮ ಹೇಳಿದರು. ಮಾತು ಅದೊಂದೇ.

ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಎಲ್ಲ ಹೇಳಿದೆ. ಪೈಪಿನ ವಿಷಯ ಹೇಳುವಾಗ ಅವರ ಎಡಗೈ ಬೆರಳು ಹೊದಿಕೆಯ ಮೇಲೆ ಆಡುತ್ತಿತ್ತು.

"ಕಾಲಂ ಬಿಚ್ಚಿಸ್ಬೇಕಾಗುತ್ತೆ ಸರ್" ಅಂದೆ. "ನೀವು ಬೇಡ ಅಂದ್ರೆ ಬಿಚ್ಚಿಸಲ್ಲ."

ಅವರು ನನ್ನನ್ನೇ ನೋಡಿದರು. "ಸರಿ" ಅಂದರು. ಆಮೇಲೆ ಎಡಗೈಯಿಂದ ಮಂಚದ ಪಟ್ಟಿಗೆ ಒಂದು ಬಾರಿ ಜೋರಾಗಿ ಹೊಡೆದರು. "ಸರಿ. ಸರಿ." ಕಣ್ಣಲ್ಲಿ ನೀರು ತುಂಬಿತು.

ನಾನು ಅಮ್ಮನ ಕಡೆ ನೋಡಿದೆ.

"ಬೇಡ ಅಂತಿದಾರಾ ಅಮ್ಮ?"

"ನನಗೂ ಗೊತ್ತಾಗಲ್ಲ ಕಣಮ್ಮ" ಅಂದರು. "ಅಳೋದು ಈಗೀಗ ಜಾಸ್ತಿ ಆಗಿದೆ. ಸಂತೋಷ ಆದ್ರೂ ಅಳ್ತಾರೆ."

ಸನ್ನೆಯಿಂದ ಹೇಳಿ ಸರ್, ತಲೆಯಾಡಿಸಿ ಅಂತ ಕೇಳಬಹುದಿತ್ತು. ಅಮ್ಮ ಮೊದಲ ವಾರಗಳಲ್ಲೇ ಅದನ್ನು ಪ್ರಯತ್ನಿಸಿದ್ದರು. ಹೌದಿಗೂ ಅಲ್ಲಕ್ಕೂ ಅವರ ತಲೆ ಒಂದೇ ಥರ ಆಡುತ್ತಿತ್ತಂತೆ. ಅವರನ್ನು ಮತ್ತೆ ಆ ಪರೀಕ್ಷೆಗೆ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಕಾಫಿ ಕುಡಿದು ಎದ್ದೆ. ಕೆರೆ ಏರಿಯ ಮೇಲೆ ಗಾಳಿ ಬೀಸುತ್ತಿತ್ತು. ಬಸ್‌ಸ್ಟ್ಯಾಂಡ್ ತಲುಪುವ ಮೊದಲೇ ನನಗೆ ಒಂದು ಮಾತು ಸ್ಪಷ್ಟವಾಗಿತ್ತು. ಇದನ್ನು ಅವರು ಒಪ್ಪಿದರು ಅಂತ ನಾನು ಯಾರಿಗೂ ಹೇಳುವಂತಿಲ್ಲ, ನನಗೂ ಹೇಳಿಕೊಳ್ಳುವಂತಿಲ್ಲ. ಬಿಚ್ಚಿಸುವುದಾದರೆ ನಾನೇ ಬಿಚ್ಚಿಸಬೇಕು.

ಸೋಮವಾರ ಫಿಟ್ಟರನ್ನು ಕರೆಸಿ ಕಾಲಂ ಇಳಿಸಿದೆ. ಒಳಗಿನ ಕಪ್ಪು ಮಣಿಗಳನ್ನು ಚೀಲಕ್ಕೆ ತುಂಬಿ, ಬಾಯಿ ಹೊಲಿಸಿ ಮೂಲೆಗಿಟ್ಟೆವು.

ತಗಡಿನ ಅಗಲ ಪಾತ್ರೆಗಳನ್ನು ಕಾರ್ಖಾನೆಯ ಹಿತ್ತಲಲ್ಲೇ ಬೆಸೆಸಿದೆ. ಅವುಗಳ ಕೆಳಗೆ ಬಾವಿಯ ತಣ್ಣೀರು ಹರಿಯುವ ವ್ಯವಸ್ಥೆ. ಮೊದಮೊದಲು ನೀರು ತಣಿದರೂ ಹರಳು ಬೀಳದೆ ಜಿಗುಟಾಗಿ ನಿಂತುಬಿಡುತ್ತಿತ್ತು. ಹಿಂದಿನ ದಿನದ ಹರಳನ್ನು ಒಂದು ಹಿಡಿ ಪುಡಿ ಮಾಡಿ ಬೀಜದಂತೆ ಉದುರಿಸಿ ಕಲಕಿದ ಮೇಲೆ ದಾರಿಗೆ ಬಂತು. ಪಾತ್ರೆಯ ಅಂಚಿನಿಂದ ಬಿಳುಪು ಹಬ್ಬಿಕೊಂಡು ನಡುವಿಗೆ ಬರುವುದನ್ನು ಮೊದಲ ಬಾರಿ ನೋಡಿದಾಗ ಯಾರನ್ನಾದರೂ ಕೂಗಿ ಕರೆಯೋಣ ಅನ್ನಿಸಿತು. ಬಾಯ್ಲರ್‌ನವನು ಒಲೆಗೆ ಉರಿಸುವ ತೆಂಗಿನ ಚಿಪ್ಪಿನ ರಾಶಿಯ ಹತ್ತಿರ ಇದ್ದ. ಕರೆದರೆ ಬರುತ್ತಿದ್ದ, "ಚೆನ್ನಾಗದೆ ಮೇಡಂ" ಅನ್ನುತ್ತಿದ್ದ. ಕರೆಯಲಿಲ್ಲ.

ಒಂದು ವಾರ ತೊಟ್ಟಿ ಚೆನ್ನಾಗಿ ನಡೆಯಿತು. ಹುಳಿ ಮಾಡುವ ವೇಗ ಇಳಿಯಲೇ ಇಲ್ಲ. ಎರಡನೇ ವಾರ, ಒಂದು ಬೆಳಿಗ್ಗೆ ಗೇಟು ದಾಟುತ್ತಿದ್ದಂತೆ ಮೂಗಿಗೆ ಕಮಟು ತುಪ್ಪದ ವಾಸನೆ ಬಡಿಯಿತು. ತೊಟ್ಟಿಯ ಮೇಲೆ ನೊರೆ ಎದ್ದು ಅಂಚಿನಿಂದ ಇಳಿಯುತ್ತಿತ್ತು.

ಏನಾಗಿದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲೇ ಗೊತ್ತಾಯಿತು. ನಲವತ್ತೆಂಟು ಡಿಗ್ರಿ ಬಿಸಿಯಲ್ಲಿ ನಮ್ಮ ಬ್ಯಾಕ್ಟೀರಿಯಾ ಬಿಟ್ಟು ಬೇರೆ ಹೆಚ್ಚಿನವು ಬಾಳುವುದಿಲ್ಲ. ಆ ಬಿಸಿಯೇ ನಮ್ಮ ಕೋಟೆ. ನೀರನ್ನು ತೆರೆದ ಪಾತ್ರೆಯಲ್ಲಿ ತಣಿಸಿ ನಾನೇ ಕೋಟೆಯ ಬಾಗಿಲು ತೆಗೆದಿದ್ದೆ. ಗಾಳಿಯಲ್ಲಿರುವುದೆಲ್ಲ ಬಂದು ಅಲ್ಲಿ ಬೀಡು ಬಿಟ್ಟು, ದಿನ ದಿನವೂ ತೊಟ್ಟಿಗೆ ಮರಳುತ್ತಿತ್ತು. ಅದರಲ್ಲಿ ಬಿಸಿ ತಾಳುವ ಒಂದು ಜಾತಿ ಒಳಗೆ ಬೇರೂರಿತ್ತು.

ಇಡೀ ತೊಟ್ಟಿ ಚರಂಡಿಗೆ ಹೋಯಿತು. ಮರದ ಹಲಗೆಗಳ ಸಂದಿಯೊಳಗೆಲ್ಲ ಹಬೆ ಹಾಯಿಸಿ ಉಜ್ಜಿಸಿದೆ. ಆ ವಾಸನೆ ಸೀರೆಗೆ, ಕೂದಲಿಗೆ, ಉಗುರಿಗೆ ಸೇರಿಕೊಂಡಿತು. ಸಂಜೆಯ ತುಂಬಿದ ಬಸ್ಸಿನಲ್ಲಿ ಜನ ಸರಳು ಹಿಡಿದು ನಿಂತಿದ್ದರು, ನನ್ನ ಪಕ್ಕದ ಸೀಟು ಖಾಲಿ ಇತ್ತು. ಒಬ್ಬ ಹೆಂಗಸು ಕೂತವರು ಸೆರಗು ಮೂಗಿಗೆ ಹಿಡಿದು ಎದ್ದುಹೋದರು. ಕಿಟಕಿ ಕಡೆ ಮುಖ ಮಾಡಿ ಕೂತೆ. ಬಟವಾಡಿಯಲ್ಲಿ ಇಳಿದು, ಕೋಣೆಗೆ ಹೋಗುವ ಮೊದಲು ಹಿತ್ತಲ ನಲ್ಲಿಯ ಹತ್ತಿರ ಸೀಗೆಪುಡಿ ಹಚ್ಚಿ ತಲೆ ತೊಳೆದುಕೊಂಡೆ. ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ನೋಡಿ, "ಯಾಕಮ್ಮ, ಯಾರಾದ್ರೂ ಹೋಗ್ಬಿಟ್ರಾ?" ಅಂತ ಕೇಳಿದರು. ಸಾವಿನ ಮನೆಯಿಂದ ಬಂದಿದ್ದೇನೆ ಅಂದುಕೊಂಡಿದ್ದರು. ಇಲ್ಲ ಅಂದೆ.

ಆ ವಾರವೇ ನಾನು ಎರಡನೇ ನಿರ್ಧಾರ ಮಾಡಿದ್ದು. ಅದುವರೆಗೆ ಸರ್ ಆಗಲಿ ನಾನಾಗಲಿ ಒಂದು ಮಾತು ಮೀರಿರಲಿಲ್ಲ. ತೊಟ್ಟಿಯಿಂದ ಹೊರಗೆ ಹೋದ ನೀರಿನ ಜೊತೆ ಹೋಗುವ ಬ್ಯಾಕ್ಟೀರಿಯಾವನ್ನು ಜೋಪಾನವಾಗಿ, ಜೀವಂತವಾಗಿ ಒಳಗೆ ತರಬೇಕು ಎಂಬುದು ಆ ಮಾತು. ಅದಕ್ಕಾಗಿಯೇ ನೀರನ್ನು ಬೆಚ್ಚಗೆ ಮಾತ್ರ ಮಾಡಿ ಮರಳಿಸುತ್ತಿದ್ದೆ. ಈಗ ಆ ಆಸೆ ಬಿಟ್ಟೆ. ಹರಳು ತೆಗೆದ ನೀರನ್ನು ಚೆನ್ನಾಗಿ ಕುದಿಸಿ, ಆಮೇಲೆ ತೊಟ್ಟಿಯ ಬಿಸಿಗೆ ಇಳಿಸಿ ಒಳಗೆ ಬಿಡುವುದು ಅಂತ ಮಾಡಿದೆ. ಹೊರಗೆ ಹೋದವು ಹೋದವು. ತೊಟ್ಟಿಯಲ್ಲಿ ಉಳಿದವು ಬೇಕಾದಷ್ಟಿವೆ, ಬೆಳೆದುಕೊಳ್ಳುತ್ತವೆ.

ಬಾಯ್ಲರ್‌ನವನಿಗೆ ಹೇಳಿದಾಗ ಮೊದಲ ಸಲ ಅವನು ತಡೆದ. "ಅಲ್ಲಾ ಮೇಡಂ, ಕುದಿಸುದ್ರೆ ನಮ್ಮುವೂ ಸಾಯ್ತವಲ್ಲ?"

"ಸಾಯ್ತವೆ" ಅಂದೆ.

"ಅವುನ್ನ ಸಾಕಕೆ ಇಷ್ಟು ಒದ್ದಾಡಿ..."

"ಎಲ್ಲಾನೂ ಉಳಿಸ್ಕೊಳ್ಳೋಕೆ ಹೋಗಿ ತಾನೆ ಒಂದೂ ಉಳೀಲಿಲ್ಲ?"

ಅವನು ಇನ್ನೂ ಸ್ವಲ್ಪ ವಾದಿಸಲಿ ಅಂತ ಕಾದೆ. "ಸರಿ ಬುಡಿ" ಅಂತ ಚಿಪ್ಪು ತುಂಬಲು ಹೋದ.

ಹೊಸ ತೊಟ್ಟಿ ಕೆಡಲಿಲ್ಲ. ಕುದಿಸಿದಾಗ ಸತ್ತವು ಉಳಿದವುಗಳಿಗೆ ಆಹಾರವೇ ಆಗುತ್ತಿದ್ದವು, ಹಿಂಡಿಯನ್ನು ಕಡಿಮೆ ಮಾಡಬಹುದು ಅಂತ ಆಮೇಲೆ ಗೊತ್ತಾಯಿತು. ಬೆಲ್ಲದ ಕಸರು ಒಳಗೇ ಸೇರಿಕೊಳ್ಳದಿರಲಿ ಅಂತ ದಿನಾ ಸ್ವಲ್ಪ ನೀರನ್ನು ಹೊರಗೆ ಬಿಡುತ್ತಿದ್ದೆ, ಅಷ್ಟೇ ಹೊಸ ಬೆಲ್ಲದ ನೀರು ಹಾಕುತ್ತಿದ್ದೆ. ವಾರಗಳು ಕಳೆದವು. ತೊಟ್ಟಿಯನ್ನು ಬಸಿಯುವ ದಿನ ಬರಲೇ ಇಲ್ಲ.

ಉಳಿದದ್ದು ಬಣ್ಣದ ತೊಂದರೆ. ಹರಳು ತೆಳು ಚಹಾದ ಬಣ್ಣಕ್ಕಿತ್ತು. ಯಜಮಾನರು ಮಾತ್ರೆ ಕಂಪನಿಗೆ ಕಳಿಸಿದ ಮಾದರಿ ಹಿಂದಕ್ಕೆ ಬಂತು. "ಮಾಲು ಬರ್ತಿದೆ, ಒಪ್ಕೊಂಡೆ. ಆದ್ರೆ ಕೊಳ್ಳೋರಿಲ್ದಿದ್ರೆ ನಾನೇನ್ ಮಾಡ್ಲಮ್ಮ?" ಅಂದರು. ಯುಗಾದಿ ಹತ್ತಿರದಲ್ಲಿತ್ತು. ಶೆಡ್ಡಿನ ಒಂದು ಪಕ್ಕದಲ್ಲಿ ಆಗಲೇ ಕೊಬ್ಬರಿ ಚೀಲ ಇಳಿಸಿದ್ದರು.

ಹರಳನ್ನು ಮತ್ತೆ ಬಿಸಿನೀರಿನಲ್ಲಿ ಕರಗಿಸಿ, ಇದ್ದಿಲಿನ ಪುಡಿ ಹಾಕಿ ಸೋಸಿ, ಎರಡನೇ ಸಲ ಹರಳು ಕಟ್ಟಿಸಿದೆ. ಬಣ್ಣ ಹೋಯಿತು, ಮಾಲೂ ಅರ್ಧ ಹೋಯಿತು. ಬರಿಯ ತಣ್ಣೀರಿನಲ್ಲಿ ತೊಳೆಯುವುದು ನನಗೆ ಹೊಳೆಯಲಿಲ್ಲ ಅಂತಲ್ಲ. ಅದು ನಮ್ಮಲ್ಲಿ ನಿಷಿದ್ಧ. ತಣ್ಣೀರಿನಲ್ಲೂ ಈ ಲವಣ ಸ್ವಲ್ಪ ಕರಗುತ್ತದೆ. ಹಳೆಯ ಪದ್ಧತಿಯಲ್ಲಿ ತೊಳೆದ ನೀರು ಚರಂಡಿಗೆ ಹೋಗುತ್ತಿತ್ತು, ತೊಳೆದಷ್ಟೂ ನಷ್ಟ. ಚಿಮುಕಿಸಿ ಬಿಡಿ, ತೊಳೆಯಬೇಡಿ ಅಂತ ಸರ್ ಅವರೇ ಫಿಲ್ಟರ್‌ನವರಿಗೆ ತಾಕೀತು ಮಾಡಿದ್ದರು.

ಆ ಭಾನುವಾರ ಹರಳನ್ನು ಒಂದು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಕುಣಿಗಲ್ಲಿಗೆ ಹೋದೆ. ಅವತ್ತು ಕೇಳಿ ಬಂದ ಮೇಲೆ ನಾನು ಅವರ ಮುಂದೆ ಕಾಲಂ ಮಾತು ಎತ್ತಿರಲಿಲ್ಲ. ಬರೀ ತೊಟ್ಟಿ ಹೇಗಿದೆ ಅಂತಷ್ಟೇ ಹೇಳಿ ಬರುತ್ತಿದ್ದೆ.

ಸರ್ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಪೊಟ್ಟಣ ಬಿಚ್ಚಿ ಅವರ ಎಡಗೈಗೆ ಸುರಿದೆ.

"ಕಾಲಂ ಬಿಚ್ಚಿಸ್ದೆ ಸರ್. ಇದು ತೊಟ್ಟಿಯಿಂದ ನೇರವಾಗಿ ಬಂದಿದ್ದು. ತೊಟ್ಟಿ ಖಾಲಿ ಮಾಡಿಲ್ಲ, ಇನ್ನೂ ನಡೀತಾನೇ ಇದೆ."

ಅವರು ಈ ಸಲ ಅದೊಂದು ಮಾತನ್ನೂ ಅನ್ನಲಿಲ್ಲ. ಬೆಳಕಿಗೆ ಕೈ ಚಾಚಿ ನೋಡಿದರು. ಹೆಬ್ಬೆರಳಿನಿಂದ ಹರಳನ್ನು ಅಂಗೈ ಮೇಲೆ ಉಜ್ಜಿದರು, ಮೂಸಿದರು, ನಾಲಗೆಗೆ ಮುಟ್ಟಿಸಿಕೊಂಡರು. ಮುಖ ಸಿಂಡರಿಸಿ ಮತ್ತೆ ಉಜ್ಜಿದರು. ಅಂಗೈ ಜಿಗುಟಾಗಿ ಕಂದು ಬಣ್ಣವಾಯಿತು. ಅವರ ಗಂಟಲಿನ ನರ ಉಬ್ಬಿತು. ತುಟಿ ಎರಡು ಮೂರು ಸಲ ಕೂಡಿ ಬಿಟ್ಟಿತು.

"ತೊ" ಅಂದರು. ಮತ್ತೆ ಉಸಿರು ಎಳೆದುಕೊಂಡರು. "ತೊಳಿ."

ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಅಮ್ಮ ಬಾಗಿಲಿಗೆ ಬಂದರು.

"ಏನಂದ್ರು? ಈಗ ಏನಂದ್ರು?"

"ತೊಳಿ ಅಂದ್ರು ಅಮ್ಮ."

"ತೊಳಿ" ಅಂದರು ಸರ್ ಮತ್ತೆ, ಕೈಯನ್ನು ನಮ್ಮಿಬ್ಬರ ಕಡೆ ಚಾಚಿ.

ಅಮ್ಮ ಓಡಿದರು. ತಂಬಿಗೆಯಲ್ಲಿ ನೀರು, ಒಂದು ಬೇಸಿನ್ ತಂದು ಅವರ ಕಾಲ ಬಳಿ ಕೂತರು. ಅವರ ಕೈಯನ್ನು ಬೇಸಿನ್ ಮೇಲೆ ಹಿಡಿದು ನೀರು ಹೊಯ್ದರು. "ತೊಳೀತೀನಿ, ತೊಳೀತೀನಿ" ಅನ್ನುತ್ತಾ ಬೆರಳು ಬೆರಳನ್ನೂ ಉಜ್ಜಿ ತೊಳೆದರು. ಅಳುತ್ತಿದ್ದರು, ನಗುತ್ತಲೂ ಇದ್ದರು. ಕೈಯಿಂದ ಜಾರುವ ಹರಳಿನ ಮೇಲೆ ನೀರು ಬಿದ್ದಂತೆ ಮೊದಲು ಕಂದು ನೀರು ಇಳಿಯಿತು. ಬೆರಳ ಸಂದಿಯಲ್ಲಿ ಉಳಿದ ಒಂದೆರಡು ಗಂಟು ಬೆಳ್ಳಗೆ ಕಂಡವು. ನಾನು ಬೇಸಿನ್ನನ್ನೇ ನೋಡುತ್ತಾ ನಿಂತೆ. ಈ ನೀರು ಬಚ್ಚಲಿಗೆ ಹೋಗುತ್ತದೆ. ಕಾರ್ಖಾನೆಯಲ್ಲಿ ಹಾಗೆ ಹೋಗಬೇಕಾಗಿಲ್ಲ. ಅಲ್ಲಿ ಎಲ್ಲ ನೀರೂ ತೊಟ್ಟಿಗೇ ಮರಳುತ್ತದೆ. ತೊಳೆದಾಗ ಕರಗಿದ ಲವಣ ಎಲ್ಲಿಗೂ ಹೋಗುವುದಿಲ್ಲ, ನಾಳೆ ಮತ್ತೆ ಹರಳಾಗಿ ಬರುತ್ತದೆ. ತೊಟ್ಟಿಯನ್ನು ಹೊಸ ಪದ್ಧತಿಗೆ ತಂದಿದ್ದೆ, ನಷ್ಟದ ಲೆಕ್ಕವನ್ನು ಮಾತ್ರ ಹಳೆಯ ಪದ್ಧತಿಯಲ್ಲೇ ಇಟ್ಟುಕೊಂಡಿದ್ದೆ.

ಸರ್ ನನ್ನ ಕಡೆ ನೋಡುತ್ತಿದ್ದರು. ಏನೋ ಕೇಳಬೇಕು ಅನ್ನಿಸಿತು. ಆದರೆ ಅಮ್ಮ ಸೆರಗಿನಿಂದ ಅವರ ಕೈ ಒರೆಸುತ್ತಾ "ಇನ್ನೊಂದ್ಸಲ ಅನ್ನಿ, ಇನ್ನೊಂದ್ಸಲ" ಅನ್ನುತ್ತಿದ್ದರು. ಆ ಹೊತ್ತು ಅವರದು. ಬರ್ತೀನಿ ಅಂತ ಹೇಳಿ ಚಪ್ಪಲಿ ಮೆಟ್ಟಿಕೊಂಡೆ.

ಸೋಮವಾರ ಹರಳನ್ನು ಬಾವಿಯ ತಣ್ಣೀರಿನಲ್ಲಿ ಎರಡು ಸಲ ತೊಳೆಸಿದೆ. ತೊಳೆದ ನೀರನ್ನೆಲ್ಲ ಕುದಿಸಿ ತೊಟ್ಟಿಗೆ ಬಿಟ್ಟೆವು. ಆಮೇಲೆ ಕಳಿಸಿದ ಮಾದರಿ ಹಿಂದಕ್ಕೆ ಬರಲಿಲ್ಲ. ಯುಗಾದಿಯ ಮುಂಚೆ ಯಜಮಾನರು ಕೊಬ್ಬರಿ ಚೀಲಗಳನ್ನು ಬೇರೆ ಗೋದಾಮಿಗೆ ಸಾಗಿಸಿದರು.

ಸರ್‌ಗೆ ಆಮೇಲೆ ಇನ್ನೂ ಕೆಲವು ಮಾತು ಬಂದವು. ಮನೆಯ ಮಾತುಗಳು, ಬೇಕು ಬೇಡಗಳು. ಕೆಲಸದ ಮಾತಿಗೆ ಹೊರಟರೆ ದಾರಿ ತಪ್ಪಿ ಬೆವರುತ್ತಿದ್ದರು, ಅದಕ್ಕೇ ನಾನು ಕೇಳುವುದನ್ನು ಬಿಟ್ಟೆ. ಅವತ್ತು ಕೈ ತೊಳಿ ಅಂದಿದ್ದರೋ, ಹರಳು ತೊಳಿ ಅಂದಿದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಮ್ಮ ಕೈ ತೊಳೆದರು. ನಾನು ಹರಳು ತೊಳೆದೆ.